ಸಿಸೇರಿಯನ್ ಪ್ರಸವದಲ್ಲಿ ರಕ್ತಸ್ರಾವನಿರೋಧ

ಉದರವನ್ನೂ ಗರ್ಭಾಶಯವನ್ನೂ ಕೊಯ್ದು ಶಿಶುವನ್ನು ಹೊರತೆಗೆಯುವ ಸಿಸೇರಿಯನ್ ಶಸ್ತ್ರಕ್ರಿಯೆಯಲ್ಲಿ ತಾಯಿಗೊದಗಬಹುದಾದ ವಿಪತ್ತುಗಳೊಳಗೆ ಅತಿರಕ್ತಸ್ರಾವವು ಮುಖ್ಯವಾದುದು. ಅದನ್ನು ಮುಂಚಿತವಾಗಿಯೇ ತಡೆಯಲು ಉಪಯೋಗಿಸಿ ನೋಡಿರುವ ಔಷಧಗಳು ಎರಡು ಬಗೆಯವು. ಅವುಗಳ ಕಾರ್ಯಭೇದವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ತುಂಬಿದ ಗರ್ಭಿಣಿಯ ಗರ್ಭಾಶಯಕ್ಕೆ ನಿಮಿಷವೊಂದಕ್ಕೆ ಸುಮಾರು 500ರಿಂದ 700 ಮಿಲಿಲೀಟರಿನಷ್ಟು ರಕ್ತವು ಹರಿಯುತ್ತದೆ. ಮಾಸು ಬೇರ್ಪಟ್ಟೊಡನೆ ಅಲ್ಲಿಯ ನಾಳಗಳ ಬಾಯಿಗಳು ತೆರೆದುಕೊಳ್ಳುವುವು. ಅವನ್ನು ಮೊದಲು ಮುಚ್ಚುವುದು ರಕ್ತದ ಹೆಪ್ಪಲ್ಲ, ಗರ್ಭಾಶಯದ ಸಂಕೋಚ. ಅಡ್ಡಡ್ಡಲಾಗಿ ಹೆಣೆದುಕೊಂಡ ಸ್ನಾಯುತಂತುಗಳು ಬಿಗಿದಾಗ ಅವುಗಳ ನಡುವೆ ಹಾಯ್ದಿರುವ ನಾಳಗಳು ದಾರದಿಂದ ಕಟ್ಟಿದಂತೆ ಮುಚ್ಚಿಹೋಗುತ್ತವೆ.

ಆದುದರಿಂದ ಸಂಕೋಚವನ್ನುಂಟುಮಾಡುವ ಔಷಧಕ್ಕೇ ಪ್ರಥಮಸ್ಥಾನವು ಸಲ್ಲತಕ್ಕುದು. ಪಿಟ್ಯುಟರಿ ಗ್ರಂಥಿಯ ಸಾರಕ್ಕೆ ಈ ಗುಣವಿರುವುದನ್ನು 1906ರಲ್ಲಿ ಹೆನ್ರಿ ಡೇಲರು ಪ್ರಕಟಿಸಿದರು. ಆ ಗುಣಕ್ಕೆ ಕಾರಣವಾದ ಆಕ್ಸಿಟೋಸಿನ್ 1953ರಿಂದೀಚೆಗೆ ಪ್ರಯೋಗಶಾಲೆಯಲ್ಲಿಯೇ ಸಿದ್ಧವಾಗುತ್ತಿದೆ. ಶಿಶು ಹೊರಬಂದೊಡನೆ ಇದನ್ನು ಕೊಡುತ್ತಾರೆ. ಆದರೆ ರಕ್ತನಾಳಕ್ಕೆ ಒಮ್ಮೆಲೇ ಹಾಯಿಸಿದರೆ ರಕ್ತದ ಒತ್ತಡವು ಕುಸಿಯುವ ಭಯವುಂಟು, ನಿಧಾನವಾಗಿ ಕೊಡಬೇಕು. 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಕಾಪಾಡದಿದ್ದರೆ ಇದರ ಶಕ್ತಿಯು ಕುಂದುವುದು.

ಟ್ರಾನೆಕ್ಸಾಮಿಕ್ ಆಮ್ಲದ ರೀತಿಯೇ ಬೇರೆ. ಜಪಾನಿನ ಒಕಾಮೊಟೊ ದಂಪತಿಗಳು ಕಂಡುಹಿಡಿದ ಈ ಔಷಧವು ಗರ್ಭಾಶಯವನ್ನು ಸಂಕೋಚಗೊಳಿಸುವುದಿಲ್ಲ. ಕಟ್ಟಿದ ಹೆಪ್ಪು ಬೇಗನೆ ಕರಗಿಹೋಗದಂತೆ ಮಾಡುವುದು. 2017ರಲ್ಲಿ ಪ್ರಕಟವಾದ, 20,060 ಸ್ತ್ರೀಯರನ್ನೊಳಗೊಂಡ ಪರೀಕ್ಷೆಯಲ್ಲಿ, ಪ್ರಸವಾನಂತರ ಅತಿಯಾಗಿ ರಕ್ತ ಸುರಿಯುತ್ತಿದ್ದವರಿಗೆ ಇದನ್ನು ಕೊಟ್ಟುದರಿಂದ ರಕ್ತಸ್ರಾವದ ಮರಣಗಳು ಕಡಿಮೆಯಾದುವು. ಮೂರು ಗಂಟೆಗಳೊಳಗೆ ಕೊಟ್ಟಾಗ ಫಲವು ಅಧಿಕವಾಗಿದ್ದಿತು.

ಹಾಗಾದರೆ ಸಿಸೇರಿಯನ್ ಆಗುವವರೆಲ್ಲರಿಗೂ ಮುಂಚಿತವಾಗಿಯೇ ಕೊಡಬಾರದೇಕೆ? 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಪರೀಕ್ಷೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸ್ತ್ರೀಯರಿಗೆ ಸಂಕೋಚಕ ಔಷಧದ ಜತೆಗೆ ಇದನ್ನಾಗಲಿ ಬರಿಯ ಲವಣದ್ರವವನ್ನಾಗಲಿ ಕೊಡಲಾಯಿತು. ಲೆಕ್ಕಹಾಕಿದ ರಕ್ತನಷ್ಟವು ಔಷಧ ಪಡೆದವರಲ್ಲಿ ಸ್ವಲ್ಪ ತಗ್ಗಿದುದು ನಿಜ. ಆದರೆ ರಕ್ತವನ್ನು ತುಂಬಬೇಕಾದ ಸಂದರ್ಭಗಳಲ್ಲಿ ಗಣನೀಯವಾದ ಭೇದವು ಕಾಣಲಿಲ್ಲ. 2023ರಲ್ಲಿ ಪ್ರಕಟವಾದ ಅಮೆರಿಕೆಯ ಸುಮಾರು 11,000 ಸ್ತ್ರೀಯರ ಪರೀಕ್ಷೆಯಲ್ಲಿಯೂ ಮರಣ ಮತ್ತು ರಕ್ತಪೂರಣ ಇವೆರಡರ ಒಟ್ಟು ಸಂಖ್ಯೆಯಲ್ಲಿ ನಿಶ್ಚಿತವಾದ ಇಳಿತವು ಸಿದ್ಧಪಡಲಿಲ್ಲ.

ಇದರಿಂದ ಒಂದು ಮಾತು ಸ್ಪಷ್ಟವಾಗುವುದು: ವಿಪತ್ತು ಒದಗಿದಾಗ ಪ್ರಾಣವನ್ನುಳಿಸುವ ಔಷಧವು, ವಿಪತ್ತು ಬಾರದವರಿಗೂ ಅಷ್ಟೇ ಪ್ರಯೋಜನಕಾರಿಯಾಗಬೇಕೆಂಬ ನಿಯಮವಿಲ್ಲ. ಆಕ್ಸಿಟೋಸಿನ್ ಪ್ರತಿಯೊಬ್ಬ ತಾಯಿಗೂ ಸಲ್ಲತಕ್ಕುದು. ಟ್ರಾನೆಕ್ಸಾಮಿಕ್ ಆಮ್ಲವಾದರೋ, ರಕ್ತವು ಮಿತಿಮೀರಿದೊಡನೆ ವಿಳಂಬವಿಲ್ಲದೆ ಒದಗುವಂತೆ ಶಸ್ತ್ರಶಾಲೆಯಲ್ಲಿ ಕೈಗೆಟುಕುವಷ್ಟು ಹತ್ತಿರವಿರತಕ್ಕುದು.