ಯಾರಿಗೆ ತಲೆ ಕೊಡುವುದು?

ತನಗೆ ಹೊಂದುವ ಕ್ಷೌರಿಕನನ್ನು ಹುಡುಕಿಕೊಳ್ಳುವುದು ಗಿರಾಕಿಯ ಪಾಡು. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆ ಗಡಹಿಂಗ್ಲಜ ತಾಲ್ಲೂಕಿನ ಹಸೂರಸಾಸಗಿರಿಯಲ್ಲಿ ಮಾತ್ರ ಅದು ಇಡೀ ಊರಿನ ಪಾಡಾಗಿತ್ತು. ಊರಲ್ಲಿ ನಾವಿಯೇ ಇರಲಿಲ್ಲ. ಊರ ಹಿರಿಯ ಹರಿಭಾವು ಕಡೂಕರ್ ಆರ್ದಾಳದ ಶ್ರೀಪತಿ ಯಾದವರನ್ನು ಕರೆತಂದು ನೆಲೆ ನಿಲ್ಲಿಸಿದರು. ಕೈಯಲ್ಲಿ ಕಸುಬಿದ್ದವನಿಗೆ ಊರು ಸಿಕ್ಕಿತು, ಊರಿಗೆ ಕತ್ತರಿ ಸಿಕ್ಕಿತು. ಆದರೆ 1984ರಲ್ಲಿ ಶ್ರೀಪತಿ ಹೃದಯಾಘಾತದಿಂದ ತೀರಿಕೊಂಡರು. ಮನೆಯಲ್ಲಿ ಹೆಂಡತಿ ಶಾಂತಾಬಾಯಿ, ನಾಲ್ಕು ಹೆಣ್ಣುಮಕ್ಕಳು. ಹೊಲದ ಕೂಲಿ ದಿನಕ್ಕೆ 50 ಪೈಸೆ.

ಗಂಡನ ಹಡಪ ಮೂಲೆಯಲ್ಲೇ ಇದೆ, ಅದನ್ನು ನೀನೇ ಯಾಕೆ ಎತ್ತಿಕೊಳ್ಳಬಾರದು ಎಂದು ಕೇಳಿದವರೂ ಹರಿಭಾವು ಅವರೇ. ಶಾಂತಾಬಾಯಿಯ ತಂದೆಯದೂ ಇದೇ ಕಸುಬು. ಕತ್ತಿ ಮಸೆಯುವುದನ್ನೂ ನೊರೆ ಹಚ್ಚುವುದನ್ನೂ ಹುಟ್ಟಿದಂದಿನಿಂದ ಕಂಡವರು. ಕಂಡದ್ದು ಬೇರೆ, ಕೈಗೆ ಬರುವುದು ಬೇರೆ. ಹೆಂಗಸೊಬ್ಬಳು ಗಂಡಸಿನ ಗಲ್ಲ ಹಿಡಿದು ದಾಡಿ ಮಾಡುವುದೆಂದರೆ ಊರು ನಗದೆ ಇದ್ದೀತೆ? ನಕ್ಕಿತು. ಮೊದಲ ಗಿರಾಕಿಯಾಗಿ ಹೋಗಿ ಕುಳಿತವರು ಹರಿಭಾವು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ಬೇಗ ಮುಂದೆ ಹೋಗಿಬಿಡುತ್ತಾರೆ. ನನಗೆ ಇಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ. ಸಲಹೆ ಕೊಡುವುದು ಸುಲಭ; ಹೊಸಗೈಯ ಕತ್ತಿಗೆ ಎಲ್ಲರೆದುರು ಕುತ್ತಿಗೆ ಒಡ್ಡುವುದು ಸುಲಭವಲ್ಲ. ಕತ್ತಿಯನ್ನು ಚರ್ಮದ ಮೇಲೆ ಹೆಚ್ಚು ಎಬ್ಬಿಸಿ ಹಿಡಿದರೆ ಗೀರು ಬೀಳುತ್ತದೆ, ತೀರ ಮಲಗಿಸಿದರೆ ಕೂದಲು ಜಗ್ಗುತ್ತದೆ. ಎಡಗೈಯ ಬೆರಳುಗಳು ಚರ್ಮವನ್ನು ಬಿಗಿಯಾಗಿ ಎಳೆದಿರಬೇಕು, ಬಲಗೈ ಹಗುರವಾಗಿರಬೇಕು. ನೀರು ಕುಡಿದ ಕೂದಲು ಉಬ್ಬಿ ಮೆದುವಾಗುವುದರಿಂದಲೇ ಬ್ರಷ್ ಅಷ್ಟು ಹೊತ್ತು ಗಲ್ಲದ ಮೇಲೆ ಸುತ್ತುವುದು. ಗದ್ದದ ಕೆಳಗೆ ಕೂದಲು ಯಾವ ಕಡೆ ಮಲಗಿದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಅದನ್ನು ನೋಡಿ ಮೊದಲು ಕೂದಲಿನ ಹಾದಿಯಲ್ಲಿ, ಆಮೇಲೆ ಬೇಕಾದರಷ್ಟೇ ಎದುರುಮುಖವಾಗಿ ಕತ್ತಿ ಎಳೆಯಬೇಕು. ಇದನ್ನೆಲ್ಲ ಶಾಂತಾಬಾಯಿ ಕಲಿತದ್ದು ತನ್ನನ್ನು ನೋಡಿ ನಗುತ್ತಿದ್ದ ಊರಿನ ಮುಖಗಳ ಮೇಲೆಯೇ.

ಆಗ ದರ ಒಂದು ರೂಪಾಯಿ. ಮಕ್ಕಳನ್ನು ನೆರೆಯವರ ಬಳಿ ಬಿಟ್ಟು, ನಾವಿಯಿಲ್ಲದ ಹಿಡದುಗಿ, ನರೇವಾಡಿ ಮುಂತಾದ ಸುತ್ತಲಿನ ಹಳ್ಳಿಗಳಿಗೂ ನಡೆದು ಹೋಗುತ್ತಿದ್ದರು. ಎಮ್ಮೆಗಳ ಮೈಕೂದಲನ್ನೂ ಬೋಳಿಸುತ್ತಿದ್ದರು. ಮೈಕೂದಲು ತೆಗೆದರೆ ಎಮ್ಮೆಗೆ ಹೇನಿನ ಕಾಟ ತಪ್ಪುತ್ತದೆ, ಬಿಸಿಲಲ್ಲಿ ಮೈ ತಂಪಾಗಿರುತ್ತದೆ. ಮಾತ್ರವಲ್ಲ, ಎಮ್ಮೆ ನಗುವುದಿಲ್ಲ. ಇದೇ ದುಡಿಮೆಯಲ್ಲಿ ನಾಲ್ವರು ಹೆಣ್ಣುಮಕ್ಕಳ ಮದುವೆಯೂ ಆಯಿತು. ಪತ್ರಿಕೆಗಳು ಆಮೇಲೆ ಅವರನ್ನು ದೇಶದ ಮೊದಲ ಮಹಿಳಾ ಕ್ಷೌರಿಕೆ ಎಂದು ಕರೆದವು. ಇಂಥ ಮೊದಲಿಗರ ಪಟ್ಟವನ್ನು ಯಾರು ಅಳೆದು ನೋಡಿದ್ದಾರೋ ತಿಳಿಯದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮೇಲ್ಜಾತಿಯ ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು 1890ರಲ್ಲಿ ಮುಂಬಯಿಯ ಕ್ಷೌರಿಕರು, ಜೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಪಟ್ಟು ಹಿಡಿದಿದ್ದರು. ವಿಧವೆಯ ಮೇಲೆ ಎತ್ತಲಾಗದು ಎಂದು ಅವರು ಕೆಳಗಿಟ್ಟ ಕತ್ತಿಯನ್ನು ಸುಮಾರು ನೂರು ವರ್ಷಗಳ ನಂತರ ಒಬ್ಬ ವಿಧವೆಯೇ ಹೊಟ್ಟೆಪಾಡಿಗಾಗಿ ಎತ್ತಿಕೊಂಡಳು.

ಹೊಂದುವವರನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಈ ಸೀಮೆಗೆ ತುಂಬ ಹಳೆಯದೇನಲ್ಲ. ಆಯದ ಕಾಲದಲ್ಲಿ ಮನೆತನಕ್ಕೊಬ್ಬ ನಾವಿ ನಿಗದಿಯಾಗಿರುತ್ತಿದ್ದ. ಸುಗ್ಗಿಯಲ್ಲಿ ಕಾಳು ಅಳೆದು ಕೊಟ್ಟರೆ ವರ್ಷವಿಡೀ ಕ್ಷೌರ. ಅವನ ಕೈ ಒರಟಾದರೂ ಗೌಡರು ಬೇರೆಯವನನ್ನು ಕರೆಯುವಂತಿಲ್ಲ, ಗೌಡರ ಬಾಯಿ ಒರಟಾದರೂ ಅವನು ಹೋಗದೆ ಇರುವಂತಿಲ್ಲ. ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1918ರಲ್ಲಿ ಈ ಆಯದ ಪದ್ಧತಿಯನ್ನು, ಅಂದರೆ ಬಲುತೇದಾರಿಯನ್ನು ರದ್ದು ಮಾಡಿ, ಯಾರು ಯಾವ ಕಸುಬನ್ನಾದರೂ ಮಾಡಬಹುದು ಎಂದರು. ಅವರ ಕಾಲದಲ್ಲಿ ಕೊಲ್ಹಾಪುರದಲ್ಲಿ ತಲೆಯೆತ್ತಿದ ವಿದ್ಯಾರ್ಥಿ ವಸತಿಗೃಹಗಳಲ್ಲಿ ಕ್ಷೌರಿಕರ ನಾಭಿಕ ಸಮಾಜದ್ದೂ ಒಂದು. ನಾವಿಯ ಆಯದ ಲೆಕ್ಕದಲ್ಲಿ ಹೆಸರೇ ಇಲ್ಲದವರೂ ಇದ್ದರು. ದಲಿತರ ತಲೆಗೆ ಊರ ನಾವಿಯ ಕತ್ತರಿ ತಾಗುತ್ತಿರಲಿಲ್ಲ. ಇಚಲಕರಂಜಿಯ ಸಮೀಪದ ಮಾಣಗಾವದಲ್ಲಿ 1920ರ ಮಾರ್ಚ್‌ನಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತಿನಲ್ಲಿ ಶಾಹೂ ಮತ್ತು ಅಂಬೇಡ್ಕರ್ ಒಂದೇ ವೇದಿಕೆಗೆ ಬಂದರು. ಅಸ್ಪೃಶ್ಯತೆಯ ಹೆಸರಿನಲ್ಲಿ ಸೇವೆ ನಿರಾಕರಿಸುವುದು ಅಪರಾಧವೆಂಬ ಕಾಯ್ದೆ 1955ರಲ್ಲಿ ಬಂತು. ಆದರೂ ಕರ್ನಾಟಕದ ಹಳ್ಳಿಗಳಿಂದ ಕ್ಷೌರ ನಿರಾಕರಣೆಯ ಸುದ್ದಿ ಇನ್ನೂ ಬರುತ್ತಲೇ ಇದೆ. ಯಾವ ಸ್ಟೈಲ್ ನನಗೆ ಒಪ್ಪುತ್ತದೆ ಎಂದು ಕನ್ನಡಿ ಮುಂದೆ ಯೋಚಿಸಬೇಕಾದರೆ ಮೊದಲು ಆ ಕುರ್ಚಿಯಲ್ಲಿ ಕೂರಲು ಬಿಡಬೇಕಲ್ಲ.

ಕಸುಬಿನವರಿಗೆ ಕೊಲ್ಹಾಪುರ ಸೀಮೆಯಲ್ಲಿ ಹೆಮ್ಮೆಪಡಲು ತಮ್ಮದೇ ಕಾರಣವಿದೆ. 1660ರಲ್ಲಿ ಪನ್ಹಾಳಾ ಕೋಟೆಗೆ ಸಿದ್ದಿ ಜೌಹರ್ ಮುತ್ತಿಗೆ ಹಾಕಿದಾಗ, ಶಿವಾಜಿಯನ್ನು ಹೋಲುತ್ತಿದ್ದ ಶಿವಾ ಕಾಶಿದ್ ಅವನ ವೇಷದಲ್ಲಿ ಪಲ್ಲಕ್ಕಿ ಏರಿ ಶತ್ರುಗಳ ಕೈಗೆ ಸಿಕ್ಕಿ ಪ್ರಾಣ ಬಿಟ್ಟ. ಅವನು ಕ್ಷೌರಿಕ. ರಾಜನಿಗಾಗಿ ತಲೆ ಕೊಟ್ಟ ಅವನ ಸಮಾಧಿ ಪನ್ಹಾಳಾದಲ್ಲಿದೆ. ಗಡಿಯ ಅತ್ತ ಈ ಸಮಾಜದವರು ಸಂತ ಸೇನಾ ಮಹಾರಾಜರನ್ನು ನೆನೆದರೆ, ಇತ್ತ ನಮ್ಮವರು ಬಸವಣ್ಣನವರ ಒಡನಾಡಿ ಹಡಪದ ಅಪ್ಪಣ್ಣನವರನ್ನು ನೆನೆಯುತ್ತಾರೆ.

ಇನ್ನು ಇಂದಿನ ಅಂಗಡಿಗಳು. ಕೊಲ್ಹಾಪುರದ್ದು ಕುಸ್ತಿ ತಾಲೀಮಿನ ಊರಿನ ಗತ್ತು. ಕೆಂಪು ಮಣ್ಣಿನಲ್ಲಿ ಹೊರಳುವ ಪೈಲ್ವಾನನಿಗೆ ಗಿಡ್ಡ ತಲೆಯೇ ಅನುಕೂಲ, ಅವನಿಗೆ ಸ್ಟೈಲಿಗಿಂತ ಬೇಗ ಮುಗಿಯುವುದು ಮುಖ್ಯ. ಗತ್ತಿನ ಮಾತು ಬಂದಾಗ 2020ರ ಜೂನ್ 28ನ್ನು ಬಿಡುವಂತಿಲ್ಲ. ಲಾಕ್‌ಡೌನ್‌ನಲ್ಲಿ ಮೂರು ತಿಂಗಳು ಮುಚ್ಚಿದ್ದ ಸಲೂನ್‌ಗಳು ಮಹಾರಾಷ್ಟ್ರದಲ್ಲಿ ತೆರೆದ ದಿನ ಅದು. ಕಟಿಂಗ್‌ಗೆ ಅನುಮತಿ, ದಾಡಿಗೆ ಇಲ್ಲ. ಅಂದು ಕೊಲ್ಹಾಪುರದ ಸಲೂನ್ ಮಾಲೀಕರೊಬ್ಬರು ಮೊದಲ ಗಿರಾಕಿಯ ಕೂದಲನ್ನು ಚಿನ್ನದ ಕತ್ತರಿಯಿಂದ ಕತ್ತರಿಸಿದರು.

ಇಚಲಕರಂಜಿಯ ರೀತಿ ಬೇರೆ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಾಗಿನಿಂದ ಅದು ಪಾಳಿಯ ಊರು. ಮಗ್ಗದವನಿಗೆ ಅರಳೆಯ ಧೂಳು ಹಿಡಿಯದ ತಲೆ ಬೇಕು, ಪಾಳಿ ಮುಗಿದ ಹೊತ್ತಿನಲ್ಲಿ ಅಂಗಡಿ ತೆರೆದಿರಬೇಕು. ಅಲ್ಲಿ ಯಾರು ಹೊಂದುತ್ತಾರೆ ಎನ್ನುವುದನ್ನು ಗಡಿಯಾರ ತೀರ್ಮಾನಿಸುತ್ತದೆ.

ಗಡಹಿಂಗ್ಲಜದಲ್ಲಿ ಭಾಷೆಯೂ ಸೇರಿಕೊಳ್ಳುತ್ತದೆ. ಎಲ್ಲರಿಗೂ ಮರಾಠಿ ಬರುತ್ತದೆ, ನಿಜ. ಆದರೆ ‘ಬಾಜೂಕ ಮಷಿನ್ ಹಚ್ರಿ, ಮ್ಯಾಲ ಕತ್ತರಿ, ಭಾಳ ಸಣ್ಣ ಬ್ಯಾಡ್ರಿ’ ಎಂದು ಮನೆಮಾತಾದ ಕನ್ನಡದಲ್ಲೇ ಹೇಳಿಬಿಟ್ಟರೆ ‘ಭಾಳ ಸಣ್ಣ’ ಎಂದರೆ ಎಷ್ಟು ಎಂಬುದು ಆ ಕಡೆಯವನಿಗೂ ಗೊತ್ತಿರುತ್ತದೆ. ಕ್ಷೌರದಲ್ಲಿ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಕೈಯ ತಪ್ಪಲ್ಲ, ಈ ಅಳತೆಯ ತಪ್ಪು.

ಹೊಸ ಊರಲ್ಲಿ ಹುಡುಕುವವರು ಗೋಡೆಯ ಮೇಲಿನ ಕ್ರಿಕೆಟಿಗನ ಚಿತ್ರ ನೋಡಬಾರದು. ಒಳಗಿಂದ ಎದ್ದು ಬರುವವರ ಹಿಂದಲೆ ನೋಡಬೇಕು. ನೆತ್ತಿಯ ಸುಳಿ ಸುಲಭಕ್ಕೆ ಮಣಿಯುವುದಿಲ್ಲ. ಅಲ್ಲಿ ತೀರ ಗಿಡ್ಡ ಮಾಡಿದರೆ ಕೂದಲು ಎದ್ದು ನಿಲ್ಲುತ್ತದೆ. ಬಲ್ಲವನು ಕತ್ತರಿ ಎತ್ತುವ ಮೊದಲು ಒಣತಲೆಯಲ್ಲಿ ಒಮ್ಮೆ ಬೆರಳಾಡಿಸಿ ಸುಳಿ ಎಲ್ಲಿದೆ ಎಂದು ನೋಡಿಕೊಳ್ಳುತ್ತಾನೆ. ಬ್ಲೇಡನ್ನು ನಿಮ್ಮ ಕಣ್ಣೆದುರೇ ಹೊಸದಾಗಿ ಬಿಚ್ಚುತ್ತಾನೆ. ಮೊಬೈಲಿನಲ್ಲಿ ನೀವು ತೋರಿಸಿದ ಫೋಟೊ ಕಂಡು ‘ಇದು ನಿಮಗ ಬರಂಗಿಲ್ರಿ’ ಎನ್ನುವ ಧೈರ್ಯವಿದ್ದರಂತೂ ಅವನನ್ನು ಬಿಡಬೇಡಿ. ಮೊದಲ ಸಲ ಕಡಿಮೆಯೇ ಕತ್ತರಿಸಲು ಹೇಳಿ, ಮದುವೆಯ ಹಿಂದಿನ ದಿನವಂತೂ ಹೊಸಬರ ಬಳಿ ಹೋಗಲೇಬೇಡಿ.

ಗಡಿಯವರಿಗೆ ಒಂದು ಹೆಚ್ಚಿನ ಸವಲತ್ತಿದೆ. ಮಹಾರಾಷ್ಟ್ರದ ಕಡೆ ಅಂಗಡಿಗಳಿಗೆ ಹೆಚ್ಚಾಗಿ ಸೋಮವಾರ ರಜೆ, ಕರ್ನಾಟಕದಲ್ಲಿ ಮಂಗಳವಾರ. ಸೋಮವಾರ ಗಡಹಿಂಗ್ಲಜದಲ್ಲಿ ಬಾಗಿಲು ಹಾಕಿದ್ದರೆ ಬಸ್ಸು ಹತ್ತಿ ಸಂಕೇಶ್ವರಕ್ಕೆ ಹೋಗಬಹುದು. ಮಂಗಳವಾರ ಸಂಕೇಶ್ವರದವರು ಗಡಹಿಂಗ್ಲಜಕ್ಕೆ ಬರಬಹುದು.