ಉಪ್ಪುನೀರಿನ ಮೊಸಳೆ

ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯುತ್ತ ಮಲಗಿರುವ ಮೊಸಳೆಗಳನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಅವು ಸಿಹಿನೀರಿನ ಜಾತಿಯವು. ಅವುಗಳ ಹಿರಿಯ ದಾಯಾದಿಯಾದ ಉಪ್ಪುನೀರಿನ ಮೊಸಳೆಯ ವಿಚಾರವಾಗಿ ನಾವು ಇಲ್ಲಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಈಗ ಜೀವಿಸಿರುವ ಸರೀಸೃಪಗಳಲ್ಲಿ ಇದೇ ಅತ್ಯಂತ ದೊಡ್ಡದು. ಒಡಿಶಾದ ಕರಾವಳಿಯಿಂದ ಆಸ್ಟ್ರೇಲಿಯದವರೆಗೆ, ನದಿಗಳು ಕಡಲನ್ನು ಸೇರುವ ಕೆಸರುನೆಲಗಳಲ್ಲಿ ಇದರ ವಾಸ. ದೇಹದಲ್ಲಿ ಹೆಚ್ಚಾದ ಉಪ್ಪನ್ನು ನಾಲಗೆಯ ಮೇಲಿನ ಗ್ರಂಥಿಗಳು ಹೊರಕ್ಕೆ ಹಾಕುವುದರಿಂದ ಇದು ಸಮುದ್ರದಲ್ಲಿಯೂ ಬಹುದೂರ ಸಂಚರಿಸಬಲ್ಲದು. 2011ರಲ್ಲಿ ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಸೆರೆಸಿಕ್ಕಿ, 2013ರಲ್ಲಿ ಮೃತವಾದ ‘ಲೊಲೊಂಗ್’ ಎಂಬ ಗಂಡು ಮೊಸಳೆಯ ಉದ್ದವು 6.17 ಮೀಟರು, ಅಂದರೆ 20 ಅಡಿಗೂ ಮಿಗಿಲು. ತೂಕವು 1,000 ಕಿಲೋಗ್ರಾಮಿಗೂ ಹೆಚ್ಚು.

ಇಂತಹ ದೇಹವು ಅಷ್ಟು ಸುಲಭವಾಗಿ ಬೆಳೆಯತಕ್ಕುದಲ್ಲ. ತಾಯಿಯು ಎಲೆ, ಹುಲ್ಲು, ಮಣ್ಣುಗಳನ್ನು ಗುಡ್ಡೆಮಾಡಿ ಅದರಲ್ಲಿ ಸುಮಾರು 50 ಮೊಟ್ಟೆಗಳನ್ನಿಟ್ಟು ಕಾವಲು ಕಾಯುವುದು. ಆದರೂ ನೆರೆ ಬಂದರೆ ಗೂಡು ಮುಳುಗುವುದು. ಉಳಿದ ಮೊಟ್ಟೆಗಳಿಗೆ ಉಡಗಳ ಕಾಟ. ಹೊರಬಂದ ಮರಿಗಳಿಗೆ ಹಕ್ಕಿ, ಮೀನು, ದೊಡ್ಡ ಮೊಸಳೆಗಳ ಭಯ. ನೂರರಲ್ಲಿ ಒಂದು ಪ್ರಾಯಕ್ಕೆ ಬಂದರೆ ಅದೇ ಹೆಚ್ಚು. ಆ ಒಂದು ಕೂಡ ಪ್ರಾಯಕ್ಕೆ ಬರಲು ಹತ್ತು ಹದಿನೈದು ವರ್ಷಗಳು ಬೇಕು. ಹೀಗೆ ದಶಕಗಳ ಕಾಲ ಬೆಳೆದುದನ್ನು ಮುಗಿಸುವುದಕ್ಕೆ ಬೇಟೆಗಾರನ ಒಂದು ಗುಂಡು ಸಾಕಾಯಿತು.

ಚರ್ಮದ ವ್ಯಾಪಾರದ ದೆಸೆಯಿಂದ ಉತ್ತರ ಆಸ್ಟ್ರೇಲಿಯದಲ್ಲಿ ಈ ಸಂತತಿಯು ಅಳಿವಿನ ಅಂಚಿಗೆ ಬಂದಿತ್ತು. 1971ರಲ್ಲಿ ಅಲ್ಲಿನ ನಾರ್ದರ್ನ್ ಟೆರಿಟರಿ ಪ್ರಾಂತವು ಬೇಟೆಯನ್ನು ನಿಷೇಧಿಸಿದಾಗ ಉಳಿದಿದ್ದುವು ಕೆಲವೇ ಸಾವಿರ; ಇಂದು ಅಲ್ಲಿ ಸುಮಾರು ಒಂದು ಲಕ್ಷ ಇರುವುವೆಂದು ಅಂದಾಜು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ತರುವಾಯ, 1975ರಲ್ಲಿ ಒಡಿಶಾದ ಭಿತರ್‌ಕನಿಕಾದಲ್ಲಿ ಮೊಟ್ಟೆಗಳನ್ನು ಆಯ್ದು ತಂದು, ಮರಿಮಾಡಿಸಿ, ಸಾಕಿ, ನದಿಗೆ ಬಿಡುವ ಕಾರ್ಯವು ಆರಂಭವಾಯಿತು. ಆಗ ನೂರರ ಒಳಗಿದ್ದ ಸಂಖ್ಯೆ ಈಗ 1,800ರ ಸುಮಾರಿಗೆ ಏರಿರುವುದು.

ಈ ಸಂತೋಷದ ಜೊತೆಗೆ ಒಂದು ಸಂಕಟವೂ ಇದೆ. ಸ್ನಾನಕ್ಕೂ ಮೀನುಗಾರಿಕೆಗೂ ಅದೇ ನೀರನ್ನು ನಂಬಿರುವ ಅಲ್ಲಿಯ ಬಡಜನರಲ್ಲಿ ಕೆಲವರು ಮೊಸಳೆಯ ಬಾಯಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಿದ್ದಾರೆ. ಆದುದರಿಂದ ಸ್ನಾನಘಟ್ಟಗಳಿಗೆ ಬೇಲಿ ಕಟ್ಟಿಸುವುದು ಮೊಸಳೆಯನ್ನು ಉಳಿಸುವ ಕಾರ್ಯದ ಒಂದು ಭಾಗವೇ ಎಂದು ನಾವು ತಿಳಿಯಬೇಕು. ದಡದ ಮನೆಗಳಲ್ಲಿ ಮಕ್ಕಳು ಕ್ಷೇಮವಾಗಿದ್ದರೆ, ನೀರಿನ ಈ ಪ್ರಾಣಿಗೂ ಬಾಳಲು ಎಡೆ ದೊರೆತೀತು.