ಬೆಲ್ಲದ ಊರಿನ ಖಾರದ ಮಾತುಗಾರ

2022 ನೆಯ ಇಸವಿಯ ಸಪ್ಟೆಂಬರ್ 7 ರಂದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯ ದಾರಿಗಳೆಲ್ಲ ಜನರಿಂದ ತುಂಬಿಹೋಗಿದ್ದವು. ಹಿಂದಿನ ದಿನ ರಾತ್ರಿ ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಮಂತ್ರಿಗಳೊಬ್ಬರ ಪಾರ್ಥಿವ ಶರೀರವು ಹುಟ್ಟೂರಿಗೆ ಬಂದಿದ್ದಿತು. ಸಕಲ ಸರಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆಯಿತು. ಅಂದು ಕಣ್ಣೀರು ಸುರಿಸಿದವರು ಅನೇಕರು. ಆದರೆ ಅದಕ್ಕೆ ಒಂದೂವರೆ ವರುಷದ ಹಿಂದೆ ಇದೇ ಮನುಷ್ಯರ ಒಂದು ಮಾತಿಗಾಗಿ ನಾಡಿನ ಉದ್ದಗಲಕ್ಕೂ ಜನರು ಸಿಟ್ಟಿನಿಂದ ಕುದಿದಿದ್ದರು.

ಅವರೇ ಶ್ರೀ ಉಮೇಶ ವಿಶ್ವನಾಥ ಕತ್ತಿ. ಒಂದೇ ಕ್ಷೇತ್ರದಿಂದ ಎಂಟು ಸಲ ವಿಧಾನಸಭೆಗೆ ಗೆದ್ದು ಬಂದವರು. ಪಕ್ಷಗಳನ್ನು ಬದಲಿಸಿದವರು, ಕ್ಷೇತ್ರವನ್ನು ಬದಲಿಸದವರು. ಕರ್ನಾಟಕವನ್ನು ಎರಡು ಮಾಡಬೇಕೆಂದು ಮಂತ್ರಿಯ ಕುರ್ಚಿಯಲ್ಲಿ ಕುಳಿತೇ ಹೇಳಿದವರು. ಊರಿನ ಹೆಸರಿನಲ್ಲಿ ಬೆಲ್ಲವಿದ್ದರೂ ಮಾತಿನಲ್ಲಿ ಖಾರವನ್ನೇ ಇಟ್ಟುಕೊಂಡಿದ್ದ ಈ ಹಳ್ಳಿಯ ಮುಖಂಡರ ಬಾಳು ನಮ್ಮ ಗ್ರಾಮೀಣ ರಾಜಕಾರಣವನ್ನು ತಿಳಿಯಬಯಸುವವರಿಗೆ ಒಂದು ಒಳ್ಳೆಯ ಪಾಠವಾಗಿದೆ.

ನೀರು, ಕಬ್ಬು, ಅಧಿಕಾರ

ಕತ್ತಿಯವರನ್ನು ತಿಳಿಯಬೇಕಾದರೆ ಮೊದಲು ಅವರ ನೆಲವನ್ನು ತಿಳಿಯಬೇಕು. ಪಶ್ಚಿಮ ಘಟ್ಟದಲ್ಲಿ ಹುಟ್ಟಿದ ಘಟಪ್ರಭೆಯು ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿನ ತೋಳುಗಳಲ್ಲಿ ನಿಲ್ಲುತ್ತಾಳೆ. ರಾಜಾ ಲಖಮಗೌಡ ಜಲಾಶಯವೆಂದು ಹೆಸರಾದ ಇದು 51 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. ಅಲ್ಲಿಂದ ಮುಂದೆ ಧೂಪದಾಳದ ಹಳೆಯ ಒಡ್ಡನ್ನು ದಾಟಿ ಗೋಕಾಕದಲ್ಲಿ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತಾಳೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಆ ಜಲಪಾತದ ಬಲದಿಂದ ಅಲ್ಲಿ ಹತ್ತಿಯ ಗಿರಣಿ ನಡೆಯತೊಡಗಿದ್ದಿತು. ಇದೇ ನದಿಯ ಕಾಲುವೆಗಳು ಗೋಕಾಕ, ಮೂಡಲಗಿಗಳ ಹೊಲಗಳನ್ನು ಹಸಿರಾಗಿಸಿವೆ.

ನೀರು ಬಂದಲ್ಲಿಗೆ ಕಬ್ಬು ಬಂದಿತು. ಕಬ್ಬು ಬಂದಲ್ಲಿಗೆ ಸಕ್ಕರೆ ಕಾರ್ಖಾನೆ ಬಂದಿತು. ಅದರ ಹಿಂದೆಯೇ ರಾಜಕಾರಣವೂ ಬಂದಿತು. ಪಟ್ಟಣದ ವಾಚಕರಿಗೆ ಈ ಸಂಬಂಧ ಸುಲಭವಾಗಿ ಹೊಳೆಯಲಿಕ್ಕಿಲ್ಲ. ಜೋಳವನ್ನಾದರೆ ರೈತನು ಹಗೇವಿನಲ್ಲಿ ತುಂಬಿಟ್ಟು ಬೆಲೆ ಬಂದಾಗ ಮಾರಬಹುದು. ಕಬ್ಬು ಹಾಗಲ್ಲ. ಕಡಿದ ಕಬ್ಬು ಒಂದೆರಡು ದಿನಗಳಲ್ಲಿ ಕಾರ್ಖಾನೆಯನ್ನು ಸೇರದಿದ್ದರೆ ಒಣಗಿ ತೂಕ ಕಳೆದುಕೊಳ್ಳುತ್ತದೆ. ಕಡಿಯದೆ ಬಿಟ್ಟರೆ ಹೊಲದಲ್ಲಿಯೇ ಹಾಳಾಗುತ್ತದೆ. ಯಾರ ಹೊಲದ ಸರದಿ ಎಂದು, ಹಣ ಕೈಗೆ ಬರುವುದು ಎಂದು, ಮುಂದಿನ ಬೆಳೆಗೆ ಸಹಕಾರಿ ಸಂಘದ ಸಾಲ ಸಿಕ್ಕೀತೇ ಎಂಬ ಪ್ರಶ್ನೆಗಳೇ ರೈತನ ವರುಷವನ್ನು ನಿರ್ಣಯಿಸುತ್ತವೆ. ಆದುದರಿಂದ ಕಾರ್ಖಾನೆ ಮತ್ತು ಸಹಕಾರಿ ಬ್ಯಾಂಕುಗಳ ಕೀಲಿಕೈ ಯಾರ ಬಳಿ ಇರುವುದೋ ಅವರ ಮಾತಿಗೆ ಹಳ್ಳಿಯಲ್ಲಿ ಒಂದು ತೂಕ ಹೆಚ್ಚು.

ಕತ್ತಿ ಮನೆತನಕ್ಕೆ ಈ ಬಲವೆಲ್ಲ ಇದ್ದಿತು. ಬೆಲ್ಲದ ಬಾಗೇವಾಡಿಯ ವಿಶ್ವರಾಜ ಸಕ್ಕರೆ ಕಾರ್ಖಾನೆ ಅವರ ಕುಟುಂಬದ್ದು. ಸಹೋದರ ಶ್ರೀ ರಮೇಶ ಕತ್ತಿಯವರು ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕಿನ ಅಧ್ಯಕ್ಷರಾಗಿದ್ದವರು. 2009 ರಿಂದ 2014 ರ ವರೆಗೆ ಚಿಕ್ಕೋಡಿಯ ಲೋಕಸಭಾ ಸದಸ್ಯರಾಗಿಯೂ ಇದ್ದರು. ಸಹಕಾರವೆಂಬುದು ಈ ತಾಲೂಕಿಗೆ ಹೊಸತೂ ಅಲ್ಲ. 1969 ರಲ್ಲಿಯೇ ಹುಕ್ಕೇರಿಯ ಜನರು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿ ತಮ್ಮ ಹಳ್ಳಿಗಳಿಗೆ ತಾವೇ ದೀಪ ಹಚ್ಚಿಕೊಂಡವರು. ದೇಶದಲ್ಲಿ ಪ್ರಯೋಗಾರ್ಥವಾಗಿ ಮೊದಲು ಸ್ಥಾಪಿತವಾದ ಐದು ಸಂಘಗಳಲ್ಲಿ ಅದೂ ಒಂದು.

ತಂದೆಯ ಗಾದಿ, ಮಗನ ಯಾತ್ರೆ

1961 ರಲ್ಲಿ ಜನಿಸಿದ ಉಮೇಶರು ರಾಜಕೀಯಕ್ಕೆ ಬಂದುದು ಒಂದು ದುಃಖದ ಬಾಗಿಲಿನಿಂದ. ಅವರ ತಂದೆ ಶ್ರೀ ವಿಶ್ವನಾಥ ಕತ್ತಿಯವರು 1985 ರಲ್ಲಿ ಜನತಾ ಪಕ್ಷದಿಂದ ಶಾಸಕರಾಗಿ, ಅದೇ ವರುಷ ನಿಧನ ಹೊಂದಿದರು. ತೆರವಾದ ಸ್ಥಾನಕ್ಕೆ ನಡೆದ ಉಪಚುನಾವಣೆಯಲ್ಲಿ, ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಮಗನು ಗೆದ್ದು ವಿಧಾನಸೌಧದ ಮೆಟ್ಟಿಲನ್ನೇರಿದನು.

ಅಲ್ಲಿಂದ ಮುಂದಿನದು ಒಂದು ವಿಚಿತ್ರವಾದ ಯಾತ್ರೆ. 1989 ಮತ್ತು 1994 ರಲ್ಲಿ ಜನತಾದಳ; ಆ ದಳ ಒಡೆದ ಬಳಿಕ 1999 ರಲ್ಲಿ ಸಂಯುಕ್ತ ಜನತಾದಳ; 2004 ರಲ್ಲಿ ಕಾಂಗ್ರೆಸ್ಸು; 2008 ರಲ್ಲಿ ಜಾತ್ಯತೀತ ಜನತಾದಳ; ಅದೇ ವರುಷ ಭಾರತೀಯ ಜನತಾ ಪಕ್ಷ. ನಡುವೆ ಜೆ. ಎಚ್. ಪಟೇಲರ ಮಂತ್ರಿಮಂಡಲದಲ್ಲಿ ಸ್ಥಾನವೂ ದೊರೆತಿತು. ಈ ದೀರ್ಘ ಪ್ರಯಾಣದಲ್ಲಿ ಅವರು ಎಡವಿದ್ದು 2004 ರಲ್ಲಿ, ಒಮ್ಮೆ ಮಾತ್ರ.

2008 ರ ಪಕ್ಷಾಂತರವು ಎಲ್ಲಕ್ಕಿಂತ ಹೆಚ್ಚು ಟೀಕೆಗೆ ಗುರಿಯಾಯಿತು. ಬಹುಮತಕ್ಕೆ ತುಸು ಕಡಿಮೆ ಬಿದ್ದಿದ್ದ ಶ್ರೀ ಬಿ. ಎಸ್. ಯಡಿಯೂರಪ್ಪನವರ ಸರಕಾರವು ಇತರ ಪಕ್ಷಗಳ ಶಾಸಕರಿಂದ ರಾಜೀನಾಮೆ ಕೊಡಿಸಿ, ತನ್ನ ಚಿಹ್ನೆಯ ಮೇಲೆ ಅವರನ್ನು ಮರಳಿ ಗೆಲ್ಲಿಸಿಕೊಳ್ಳುವ ಉಪಾಯವನ್ನು ಹೂಡಿದ್ದಿತು. ಜನರು ಅದನ್ನು ‘ಆಪರೇಶನ್ ಕಮಲ’ವೆಂದು ಕರೆದರು. ಆ ದಾರಿಯಲ್ಲಿ ಹೋದವರಲ್ಲಿ ಕತ್ತಿಯವರೂ ಒಬ್ಬರು. ಮತದಾರನು ಒಂದು ಪಕ್ಷಕ್ಕೆಂದು ಕೊಟ್ಟ ಮತವನ್ನು ಕೆಲವೇ ತಿಂಗಳಲ್ಲಿ ಇನ್ನೊಂದು ಪಕ್ಷಕ್ಕೆ ಒಪ್ಪಿಸುವುದು ನ್ಯಾಯವೇ ಎಂದು ವಿಚಾರವಂತರು ಕೇಳಿದರು. ಹುಕ್ಕೇರಿಯ ಮತದಾರರಾದರೋ ಉಪಚುನಾವಣೆಯಲ್ಲಿ ಅವರನ್ನು ಮತ್ತೆ ಆರಿಸಿ ಕಳುಹಿಸಿದರು. 2013 ಮತ್ತು 2018 ರಲ್ಲಿಯೂ ಕಳುಹಿಸಿದರು.

ಇದರ ಅರ್ಥವೇನು? ಈ ಭಾಗದ ಹಳ್ಳಿಗಳಲ್ಲಿ ಮತ ಬೀಳುವುದು ಚಿಹ್ನೆಗೆ ಅಲ್ಲ, ಮನೆತನಕ್ಕೆ ಎಂಬುದೇ. ನೆರೆಯ ಗೋಕಾಕದ ಕಡೆ ನೋಡಿದರೂ ಇದು ಸ್ಪಷ್ಟವಾಗುತ್ತದೆ. ಅಲ್ಲಿಯ ಜಾರಕಿಹೊಳಿ ಸಹೋದರರಲ್ಲಿ ಒಬ್ಬರು ಗೋಕಾಕದಿಂದ, ಒಬ್ಬರು ಮೂಡಲಗಿಯನ್ನೊಳಗೊಂಡ ಅರಭಾವಿಯಿಂದ, ಇನ್ನೊಬ್ಬರು ಹುಕ್ಕೇರಿ ತಾಲೂಕಿನಲ್ಲಿಯೇ ಇರುವ ಯಮಕನಮರಡಿಯಿಂದ ಬೇರೆ ಬೇರೆ ಪಕ್ಷಗಳ ಶಾಸಕರಾಗಿ ಆರಿಸಿಬಂದಿದ್ದಾರೆ. ಕಷ್ಟ ಬಂದಾಗ ಯಾರ ಮನೆಯ ಕಟ್ಟೆಗೆ ಹೋಗಿ ಕುಳಿತರೆ ಕೆಲಸವಾದೀತೆಂಬ ಲೆಕ್ಕವನ್ನು ರೈತನು ಚೆನ್ನಾಗಿ ಬಲ್ಲನು. ಪಕ್ಷದ ಕಚೇರಿಗೆ ಅಂತಹ ಕಟ್ಟೆಯಿಲ್ಲ.

ಎರಡು ರಾಜ್ಯಗಳ ಮಾತು

ಕತ್ತಿಯವರ ಹೆಸರು ಹುಕ್ಕೇರಿಯ ಎಲ್ಲೆಯನ್ನು ದಾಟಿ ನಾಡಿಗೆಲ್ಲ ಕೇಳಿಸಿದುದು ಪ್ರತ್ಯೇಕ ಉತ್ತರ ಕರ್ನಾಟಕದ ಬೇಡಿಕೆಯಿಂದ. ಉತ್ತರದ ಜಿಲ್ಲೆಗಳಿಗೆ ಸತತವಾಗಿ ಅನ್ಯಾಯವಾಗುತ್ತಿದೆ, ಹಣವೂ ಅಧಿಕಾರವೂ ಬೆಂಗಳೂರಿನ ಸುತ್ತಲೇ ಸುತ್ತುತ್ತಿವೆ, ಇದು ಸರಿಹೋಗದಿದ್ದರೆ ಬೇರೆ ರಾಜ್ಯವೇ ಮದ್ದು ಎಂದು ಅವರು ವರುಷಗಟ್ಟಲೆ ಹೇಳುತ್ತ ಬಂದರು. 2022 ರ ಜೂನ್ ತಿಂಗಳಲ್ಲಿ, ಮಂತ್ರಿಯಾಗಿದ್ದಾಗಲೇ, 2024 ರ ಚುನಾವಣೆಯ ಬಳಿಕ ದೇಶದಲ್ಲಿ 50 ರಾಜ್ಯಗಳಾಗುವುವು, ಕರ್ನಾಟಕವೂ ಎರಡಾಗುವುದು ಎಂದು ಬೆಳಗಾವಿಯಲ್ಲಿ ನುಡಿದರು. ಕನ್ನಡ ಸಂಘಟನೆಗಳು ಕೆರಳಿದವು. ಮುಖ್ಯಮಂತ್ರಿ ಶ್ರೀ ಬಸವರಾಜ ಬೊಮ್ಮಾಯಿಯವರು ಇದು ಕತ್ತಿಯವರ ಹಳೆಯ ಮಾತೆಂದು ಹೇಳಿ ಅದನ್ನು ಬದಿಗೆ ಸರಿಸಿದರು.

ಕರ್ನಾಟಕದ ಏಕೀಕರಣದ ಚಳವಳಿಗೆ ನೀರೆರೆದ ನೆಲವೇ ಇದು. 1890 ರಲ್ಲಿ ಧಾರವಾಡದಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ, ಆಲೂರು ವೆಂಕಟರಾಯರ ತಪಸ್ಸು, 1924 ರ ಬೆಳಗಾವಿ ಕಾಂಗ್ರೆಸ್ಸಿನ ದಿನಗಳ ಹುರುಪು, ಇವೆಲ್ಲವುಗಳ ಫಲವಾಗಿ ಮುಂಬಯಿ ಪ್ರಾಂತದಲ್ಲಿದ್ದ ಈ ಜಿಲ್ಲೆಗಳು 1956 ರ ನವೆಂಬರ್ 1 ರಂದು ತಾಯ್ನಾಡನ್ನು ಸೇರಿದವು. ಆ ನೆಲದಿಂದಲೇ ಬೇರೆಯಾಗುವ ಮಾತು ಹೊರಟುದು ಅನೇಕರ ಮನಸ್ಸನ್ನು ನೋಯಿಸಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ದೂರೇ ಸುಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. 2002 ರಲ್ಲಿ ಸರಕಾರಕ್ಕೆ ವರದಿ ಸಲ್ಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಲೆಕ್ಕ ಕೊಟ್ಟಿತು. ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 26 ಉತ್ತರ ಕರ್ನಾಟಕದವು. ಅದೇ ವರದಿಯಲ್ಲಿ ಇನ್ನೊಂದು ಸತ್ಯವೂ ಅಡಗಿದೆ. ಆ 26 ರಲ್ಲಿ 21 ಕಲಬುರ್ಗಿ ವಿಭಾಗದವು. ಕತ್ತಿಯವರ ಬೆಳಗಾವಿ ವಿಭಾಗದವು 5 ಮಾತ್ರ. ಉಳಿದ 13 ದಕ್ಷಿಣದಲ್ಲಿಯೇ ಇವೆ. ಹಿಂದುಳಿದಿರುವಿಕೆಯು ನಕಾಶೆಯ ಮೇಲೆ ಒಂದು ಗೆರೆ ಎಳೆದು ತೋರಿಸುವಷ್ಟು ಸರಳವಾಗಿಲ್ಲ. ನೀರಾವರಿಯ ಹುಕ್ಕೇರಿಗೂ ಯಾದಗಿರಿಗೂ ಒಂದೇ ರಾಜ್ಯ ಕಟ್ಟಿಕೊಟ್ಟರೆ ಎರಡನೆಯದರ ಕಷ್ಟ ತೀರೀತೆಂದು ಹೇಳಬಲ್ಲವರಾರು?

ದೂರದ ಕಚೇರಿಯ ಸಂಕಟಕ್ಕೆ ಬೇರೆ ಮದ್ದುಗಳನ್ನೂ ಹುಡುಕಿದುದುಂಟು. 1997 ರಲ್ಲಿ ಪಟೇಲರ ಸರಕಾರವು ಗೋಕಾಕ ಮತ್ತು ಚಿಕ್ಕೋಡಿಗಳನ್ನು ಬೇರೆ ಜಿಲ್ಲೆಗಳಾಗಿ ಮಾಡಹೊರಟಿತು; ಬೆಳಗಾವಿಯನ್ನು ಒಡೆದರೆ ಗಡಿಯಲ್ಲಿ ಕನ್ನಡದ ಬಲ ಕುಗ್ಗುವುದೆಂಬ ವಿರೋಧ ಬಂದು ಹಿಂದೆಗೆಯಿತು. 2012 ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಎದ್ದು ನಿಂತಿತು. 2018 ರಲ್ಲಿ ಮೂಡಲಗಿಯು ಗೋಕಾಕದಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾಯಿತು. ಕೈಗೆಟಕುವ ದೂರದಲ್ಲಿ ಒಂದು ತಹಸೀಲ್ದಾರ ಕಚೇರಿಯಾದುದು ಹಳ್ಳಿಯ ಮುದುಕನೊಬ್ಬನಿಗೆ ಹೊಸ ರಾಜ್ಯದ ಘೋಷಣೆಗಿಂತ ಹೆಚ್ಚಿನ ಉಪಕಾರವೆನಿಸಿದರೆ ತಪ್ಪಲ್ಲ.

ಮಂತ್ರಿಪದವಿ ತಪ್ಪಿದಾಗಲೆಲ್ಲ ಕತ್ತಿಯವರ ಪ್ರತ್ಯೇಕತೆಯ ದನಿ ಏರುತ್ತದೆಂದು ವಿರೋಧಿಗಳು ಆಡಿಕೊಳ್ಳುತ್ತಿದ್ದರು. 2019 ರಲ್ಲಿ ತಮ್ಮ ಪಕ್ಷದ ಸರಕಾರ ಬಂದಾಗ ಅವರಿಗೆ ಸ್ಥಾನ ಸಿಗದೆ ಹೋದುದು, 2020 ರ ಮೇ ತಿಂಗಳಲ್ಲಿ ತಮ್ಮ ಬೆಂಗಳೂರಿನ ಮನೆಯಲ್ಲಿ ಉತ್ತರ ಕರ್ನಾಟಕದ ಶಾಸಕರಿಗೆ ಊಟಕ್ಕೆ ಬಡಿಸಿ ಸರಕಾರಕ್ಕೆ ಕಳವಳ ಹುಟ್ಟಿಸಿದುದು ನಿಜ. ಮುಖ್ಯಮಂತ್ರಿಯಾಗುವ ಆಸೆಯನ್ನೂ ಅವರು ಬಚ್ಚಿಡಲಿಲ್ಲ. ಆದರೆ ಮಂತ್ರಿಯಾದ ಮೇಲೂ ಅದೇ ಮಾತನ್ನು ಆಡಿದರೆಂಬುದನ್ನು ಅವರ ಪಕ್ಷದಲ್ಲಿ ಬರೆದುಕೊಳ್ಳಲೇಬೇಕು.

ನಾಲಿಗೆಯ ಬೆಲೆ

2021 ರ ಜನವರಿಯಲ್ಲಿ ಅವರು ಆಹಾರ ಖಾತೆಯ ಮಂತ್ರಿಗಳಾದರು. ಮುಂದಿನ ತಿಂಗಳೇ, ಟೆಲಿವಿಜನ್, ಫ್ರಿಜ್, ಮೋಟಾರ್ ಸೈಕಲ್ ಇದ್ದವರು ಬಡವರ ಪಡಿತರ ಚೀಟಿಯನ್ನು ಹಿಂದಿರುಗಿಸಬೇಕೆಂದು ಹೇಳಿ ಗದ್ದಲವೆಬ್ಬಿಸಿದರು. ಬಳಿಕ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅನಂತರ ಪಡಿತರದ 5 ಕಿಲೋ ಅಕ್ಕಿಯ ಬದಲು 2 ಕಿಲೋ ಅಕ್ಕಿ, ಅದರ ಜೊತೆಗೆ ಉತ್ತರದಲ್ಲಿ 3 ಕಿಲೋ ಜೋಳ, ದಕ್ಷಿಣದಲ್ಲಿ 3 ಕಿಲೋ ರಾಗಿ ಕೊಡುವ ಯೋಜನೆ ಬಂದಿತು. ರೊಟ್ಟಿಯುಣ್ಣುವ ನಾಡಿಗೆ ಜೋಳ ಕೊಡುವುದು ತಪ್ಪಲ್ಲ. ಆದರೆ ಅಕ್ಕಿ ಕಡಿಮೆಯಾಗಿ, ಕಾಳು ಬಾರದೆ ಹೋದರೆ ಬಡವನ ಗತಿಯೇನು?

ಕೊರೋನಾ ಜಾಡ್ಯದ ಎರಡನೆಯ ಅಲೆ ನಾಡನ್ನು ನಡುಗಿಸುತ್ತಿದ್ದ ಏಪ್ರಿಲ್ ತಿಂಗಳ ಕೊನೆಯಲ್ಲಿ ಗದಗ ಜಿಲ್ಲೆಯ ರೈತರೊಬ್ಬರು ಫೋನಿನಲ್ಲಿ ಮಂತ್ರಿಗಳನ್ನು ಇದನ್ನೇ ಕೇಳಿದರು. ಅಲ್ಲಿಯ ವರೆಗೆ ನಾವು ಸಾಯಬೇಕೇ ಎಂಬ ಪ್ರಶ್ನೆಗೆ, ಸಾಯುವುದೇ ಒಳ್ಳೆಯದೆಂಬ ಉತ್ತರ ಬಂದಿತು. ಆ ಸಂಭಾಷಣೆಯ ಮುದ್ರಿಕೆ ಒಂದೇ ದಿನದಲ್ಲಿ ಮನೆಮನೆಗೂ ಕೇಳಿಸಿತು. ಮುಖ್ಯಮಂತ್ರಿ ಯಡಿಯೂರಪ್ಪನವರು ವಿಷಾದ ವ್ಯಕ್ತಪಡಿಸಬೇಕಾಯಿತು. ಅದೇ ಜಾಡ್ಯದ ಕಾಲದಲ್ಲಿ, 2022 ರ ಜನವರಿಯಲ್ಲಿ, ಮುಖಕ್ಕೆ ಮಾಸ್ಕ್ ಹಾಕುವುದು ಬಿಡುವುದು ಅವರವರಿಗೆ ಸೇರಿದ್ದೆಂದು ಹೇಳಿಯೂ ಅವರು ಟೀಕೆಗೊಳಗಾದರು.

ಹಳ್ಳಿಯ ಮನುಷ್ಯ, ಒರಟು ಮಾತು, ಒಳಗೆ ಮೃದು ಎಂದು ಬೆಂಬಲಿಗರು ಸಮರ್ಥಿಸಿದರು. ಬೆಳಗಾವಿಯ ಸೀಮೆಯ ಮಾತು ಗಡುಸೆಂಬುದು ಎಲ್ಲರೂ ಬಲ್ಲ ಸಂಗತಿ. ಊರ ಕಟ್ಟೆಯ ಮೇಲೆ ಸರಿಸಮಾನರ ನಡುವೆ ಆಡಿದ ಗಡುಸು ಮಾತು ಸಲಿಗೆಯೆನಿಸುತ್ತದೆ; ಹೌದು. ಆದರೆ ಅಕ್ಕಿಯ ಕಣಜದ ಬೀಗ ಕೈಯಲ್ಲಿದ್ದವನು ಅಕ್ಕಿ ಕೇಳಿದವನಿಗೆ ಅದೇ ಮಾತನ್ನಾಡಿದರೆ ಅದು ಸಲಿಗೆಯಲ್ಲ, ಶಿಕ್ಷೆ. ಮಾತು ಒಂದೇ, ಆಡುವವನು ಕುಳಿತ ಎತ್ತರ ಬೇರೆ. ಮೂವತ್ತೇಳು ವರುಷಗಳ ರಾಜಕಾರಣದಲ್ಲಿ ಕತ್ತಿಯವರು ಮರೆತುದು ಇದೊಂದನ್ನು.

ಉಳಿದ ಪ್ರಶ್ನೆ

ಬೆಂಗಳೂರಿನ ಮುಖಕ್ಕೆ ಹೆದರದೆ ಉತ್ತರದ ನೋವನ್ನು ಆಡಿ ತೋರಿಸಿದ ನಾಲಿಗೆಯೂ, ಗದಗದ ರೈತನನ್ನು ನೋಯಿಸಿದ ನಾಲಿಗೆಯೂ ಒಂದೇ. ಒಂದನ್ನು ಕೊಂಡಾಡಿ ಇನ್ನೊಂದನ್ನು ಮರೆಯುವುದು ಸತ್ಯವಾಗದು. ಕತ್ತಿಯವರ ದೂರಿನಲ್ಲಿ ತಿರುಳಿದ್ದಿತು. ಆದರೆ ಆಡಿದ ರೀತಿಯಿಂದಾಗಿ ನಾಡು ತಿರುಳನ್ನು ಬಿಟ್ಟು ಗದ್ದಲವನ್ನೇ ನೆನಪಿಟ್ಟುಕೊಂಡಿತು. ಅದರ ನಷ್ಟವನ್ನು ಹೊತ್ತವರು ಅವರೊಬ್ಬರೇ ಅಲ್ಲ, ಉತ್ತರದ ಜನರೂ ಹೊತ್ತರು.

2023 ರ ಚುನಾವಣೆಯಲ್ಲಿ ಹುಕ್ಕೇರಿಯ ಜನರು ಅವರ ಮಗ ಶ್ರೀ ನಿಖಿಲ ಕತ್ತಿಯವರನ್ನು ಆರಿಸಿದರು. 1985 ರಲ್ಲಿ ತಂದೆಯ ಸ್ಥಾನಕ್ಕೆ ಮಗ ಬಂದಂತೆಯೇ ಇದೂ ಆಯಿತು. ಮನೆತನದ ಕಟ್ಟೆ ಬರಿದಾಗಲಿಲ್ಲ. ಹಿಡಕಲ್ಲಿನ ನೀರು ಎಂದಿನಂತೆ ಗೋಕಾಕ, ಮೂಡಲಗಿಗಳ ಕಡೆ ಹರಿಯುತ್ತಿದೆ. ಸುಗ್ಗಿಯಲ್ಲಿ ಕಬ್ಬಿನ ಗಾಡಿಗಳು ಕಾರ್ಖಾನೆಯ ಮುಂದೆ ಸಾಲುಗಟ್ಟುತ್ತವೆ. ಆ ಸಾಲಿನಲ್ಲಿ ನಿಂತ ರೈತನ ಪರವಾಗಿ ವಿಧಾನಸೌಧದಲ್ಲಿ ಗಟ್ಟಿಯಾಗಿ ಮಾತನಾಡುವವರು ಬೇಕು. ಅವನೇ ಎದುರು ನಿಂತು ಪ್ರಶ್ನೆ ಕೇಳಿದಾಗ ಮೆಲ್ಲಗೆ ಉತ್ತರ ಕೊಡಬಲ್ಲವರೂ ಬೇಕು.